ಮಲೇರಿಯಾ ಇನ್‌ಸ್ಪೆಕ್ಟರ್ ಮಾವನ ಜೊತೆ ಸಫಾರಿ

ಎಲ್ಲರೂ ಯಾರ ಮನೆಗಾದರೂ ಹೋದರೆ ಕುಡಿಯೋಕೆ ನೀರು ಕೇಳುತ್ತಾರೆ. ನಮ್ಮ ಮಾವ ಆ ನೀರನ್ನ ಎಲ್ಲಿ ತುಂಬಿಟ್ಟಿದ್ದೀರಿ ಅಂತ ಕೇಳುತ್ತಾರೆ. ಮೈಸೂರಿನಲ್ಲಿ ಮೂವತ್ತೈದು ವರ್ಷ ಮಲೇರಿಯಾ ಇನ್‌ಸ್ಪೆಕ್ಟರ್ ಆಗಿದ್ದವರು. ತೊಟ್ಟಿ, ಸಂಪು, ಹೂಕುಂಡ, ಹಳೇ ಟೈರು, ಎಳನೀರು ಬುರುಡೆ, ನೀರು ನಿಂತಲ್ಲೆಲ್ಲ ಬಗ್ಗಿ ಸೊಳ್ಳೆಮರಿ ಹುಡುಕಿದವರು. "ನಮ್ಮನೇಲಿ ಏನೂ ಇಲ್ಲ ಸಾರ್" ಅಂತ ಜನ ಹೇಳೋದು, ಇವರು ಮುಚ್ಚಳ ತೆಗೆಯೋದು, ಒಳಗೆ ಮರಿಗಳು ಕುಣೀತಿರೋದು. ಇದನ್ನೇ ನೋಡಿ ನೋಡಿ ಅವರು ಯಾರನ್ನೂ ನಂಬದ ಹಾಗಾದರು. ರಿಟೈರ್ ಆದಮೇಲೂ ಆ ಗುಣ ಹೋಗಿಲ್ಲ. ಹಾಗಾಗಿ ಅವರು ಇದ್ದ ಕಡೆ ಏನಾದರೊಂದು ಆಗುತ್ತಲೇ ಇರುತ್ತೆ, ನಾವು ಬೇಡ ಅಂದರೂ.

ನಾನು ಡಾಕ್ಟರ್. ಮೈಸೂರಿನಲ್ಲಿ ಓದಿ ಈಗ ಐರ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದ್ದೀನಿ. ನನ್ನ ಗಂಡ ಸಾಫ್ಟ್‌ವೇರ್ ಇಂಜಿನಿಯರ್. ಅವನ ಆಫೀಸು ಡಬ್ಲಿನ್ನಿನ ಸ್ಯಾಂಡಿಫರ್ಡ್‌ನಲ್ಲಿ. ಕೊರೋನಾ ಬಂದಮೇಲೆ ಅದೇ ಊರಿನ ಬ್ಲಾಂಚರ್ಡ್ಸ್‌ಟೌನಿನಲ್ಲಿರೋ ನಮ್ಮ ಬಾಡಿಗೆ ಮನೆಯ ಚಿಕ್ಕ ರೂಮೇ ಅವನ ಆಫೀಸು. ಮಗಳಿಗೆ ಹತ್ತು ವರ್ಷ. ಕನ್ನಡ ಎಲ್ಲಾ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತೆ.

ಎರಡು ವರ್ಷ ಮೊಮ್ಮಗಳ ಮುಖವನ್ನ ಫೋನಿನಲ್ಲೇ ನೋಡಿದ್ದ ಮಾವ, ನಿರ್ಬಂಧ ಸಡಿಲವಾದ ಜನವರಿಯಲ್ಲಿ ಒಬ್ಬರೇ ವಿಮಾನ ಹತ್ತಿ ಬಂದರು. ಅತ್ತೆ ಬರಲಿಲ್ಲ. "ನಲವತ್ತು ವರ್ಷ ಸಂಸಾರ ಬೇಕಾದ್ರೆ ಮಾಡ್ಬೋದು ಕಣಮ್ಮ, ಹದಿನೆಂಟು ಗಂಟೆ ಪಕ್ಕದ ಸೀಟಲ್ಲಿ ಕೂರೋಕಾಗಲ್ಲ" ಅಂದರು.

೧. ಪಕ್ಕದ ಮನೆಯ ಪೀಪಾಯಿ

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಐರಿಷ್ ಅಜ್ಜಿ ಒಬ್ಬರೇ ಇರುತ್ತಾರೆ. ಅವರ ಹಿತ್ತಲಲ್ಲಿ ಮಳೆ ನೀರು ಹಿಡಿಯೋ ಹಸಿರು ಪ್ಲಾಸ್ಟಿಕ್ ಪೀಪಾಯಿ ಇದೆ. ಮುಚ್ಚಳ ಇಲ್ಲ. ಮಾವ ಬಂದ ಮೂರನೇ ದಿನವೇ ಅಡುಗೆಮನೆ ಕಿಟಕಿಯಿಂದ ಅದನ್ನ ನೋಡಿಬಿಟ್ಟರು.

"ಅದರಲ್ಲಿ ಏನಿದೆ?" ಅಂದರು.

"ನೀರು ಮಾವ. ಈ ಚಳೀಲಿ ಇಲ್ಲಿ ಸೊಳ್ಳೆ ಇರಲ್ಲ."

"ಎಲ್ಲರೂ ಹಾಗೇ ಹೇಳ್ತಾರಮ್ಮ."

ನಾನು ಡ್ಯೂಟಿಗೆ ಹೋದೆ. ಸಂಜೆ ನಾಲ್ಕಕ್ಕೆ ವಾಪಸ್ ಬಂದು ಕಾರು ನಿಲ್ಲಿಸುತ್ತಿದ್ದ ಹಾಗೆ ಅಜ್ಜಿ ಬಾಗಿಲು ತೆಗೆದು ನನ್ನನ್ನ ಕರೆದರು. ಮುಖ ಸ್ವಲ್ಪ ಕೆಂಪಗಿತ್ತು. ಆಮೇಲೆ ಗೊತ್ತಾದದ್ದು ಇಷ್ಟು. ಮಾವ ಮಂಕಿ ಕ್ಯಾಪು, ಮಾಸ್ಕು ಹಾಕಿಕೊಂಡು, ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ನಮ್ಮ ಸಾರಿನ ಸೌಟು ಹಿಡಿದು ಅವರ ಮನೆ ಬೆಲ್ ಮಾಡಿದ್ದಾರೆ. ಅಜ್ಜಿ ಕಿಟಕಿ ಅರ್ಧ ತೆಗೆದು ಏನು ಬೇಕು ಅಂತ ಕೇಳಿದ್ದಾರೆ. ಮಾವ ತಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, "ಮೇಡಂ, ಐ ಆಮ್ ಲುಕಿಂಗ್ ಫಾರ್ ಲಾರ್ವಾ" ಅಂದಿದ್ದಾರೆ. ಮಾಸ್ಕಿನ ಒಳಗಿಂದ ಬಂದ ಮಾತು. ಸೊಳ್ಳೆಮರಿ ಅನ್ನೋ ಅರ್ಥದ ಆ ಲಾರ್ವಾ, ಅಜ್ಜಿಯ ಕಿವಿಗೆ ಹೋಗೋ ಹೊತ್ತಿಗೆ 'ಲವರ್' ಆಗಿತ್ತು.

ಅಜ್ಜಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು. "ನಿನ್ನ ಮಾವ ಮರ್ಯಾದಸ್ಥರು, ಬೆಲ್ ಮಾಡಿ ಕೇಳಿದ್ರು, ಅದು ಗ್ರ್ಯಾಂಡ್, ತಪ್ಪೇನಿಲ್ಲ. ಆದ್ರೆ ನನಗೆ ಈಗ ಎಪ್ಪತ್ತೆಂಟು, ಆಸಕ್ತಿ ಇಲ್ಲ ಅಂತ ಹೇಳಿಬಿಡು." ಆಮೇಲೆ ಒಂದು ಗಳಿಗೆ ತಡೆದು, "ಸೌಟು ಯಾಕೆ ತಂದಿದ್ರು ಅಂತ ಮಾತ್ರ ಕೇಳಿ ಹೇಳು" ಅಂದರು.

೨. ತೃಪ್ತಿಕರ

ನಮ್ಮ ಸಫಾರಿ ಎರಡು ಸಲ ರದ್ದಾಗಿತ್ತು, ಎರಡೂ ಸಲ ಕೊರೋನಾದಿಂದ. ಆ ವರ್ಷ ಫೆಬ್ರವರಿಯಲ್ಲಿ ಮಗಳ ಶಾಲೆಯ ಮಿಡ್‌ಟರ್ಮ್ ರಜೆಗೆ ಕೀನ್ಯಾಗೆ ಹೋಗೋದು ಅಂತ ಕೊನೆಗೂ ನಿಶ್ಚಯ ಆಯಿತು. ನಾವು ಹೊರಟಿದ್ದು ಸಿಂಹ, ಆನೆ ನೋಡೋಕೆ. ಮಾವ ಹೊರಟಿದ್ದು ಮಲೇರಿಯಾ ಹರಡೋ ಅನಾಫಿಲಿಸ್ ಸೊಳ್ಳೆಯ ತವರುಮನೆ ನೋಡೋಕೆ. ಈ ವಯಸ್ಸಿನಲ್ಲಿ ಅವರ ಕಣ್ಣು ಅಷ್ಟು ಹೊಳೆದದ್ದನ್ನ ನಾನು ನೋಡಿರಲಿಲ್ಲ.

ಹೊರಡೋದಕ್ಕೆ ಮುಂಚೆ ಲಸಿಕೆ ಹಾಕಿಸಬೇಕಲ್ಲ. ಪ್ರವಾಸಿಗಳಿಗೆ ಲಸಿಕೆ ಕೊಡೋ ಒಂದು ಕ್ಲಿನಿಕ್ಕಿಗೆ ನಾಲ್ಕೂ ಜನ ಹೋದೆವು. ನರ್ಸ್ ಚಿಕ್ಕ ವಯಸ್ಸಿನ ಹುಡುಗಿ, ತುಂಬಾ ಸಮಾಧಾನದವಳು. ಟೈಫಾಯ್ಡ್ ಇಂಜೆಕ್ಷನ್ ತರೋಕೆ ಅಂತ ಅವಳು ಎದ್ದಾಗ ಮಾವನೂ ಎದ್ದರು.

"ಫ್ರಿಜ್ ತೋರ್ಸಿ" ಅಂದರು.

ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಟೆಂಪರೇಚರ್ ರಿಜಿಸ್ಟರ್ ಇದ್ಯಾ? ಬೆಳಗ್ಗೆ ಸಂಜೆ ಎರಡೂ ಹೊತ್ತು ಬರೀತೀರಾ? ಕರೆಂಟ್ ಹೋದ್ರೆ ಏನ್ಮಾಡ್ತೀರಾ?" ಜೇಬಿನಿಂದ ನೋಟ್‌ಬುಕ್ಕು ಬಂತು, ಪೆನ್ನು ಬಂತು. ಇಂಗ್ಲಿಷಿಗೆ ನಾನು ತರ್ಜುಮೆ ಮಾಡಲೋ ಬೇಡವೋ ಅಂತ ಯೋಚಿಸುತ್ತಿರುವಾಗಲೇ ಮಗಳು ಅಷ್ಟನ್ನೂ ಚೆನ್ನಾಗಿ, ಐರಿಷ್ ಧಾಟಿಯಲ್ಲಿ, ಒಂದೂ ಬಿಡದೆ ಹೇಳಿ ಮುಗಿಸಿದಳು. ನರ್ಸ್ ಮುಖದ ಬಣ್ಣ ಬದಲಾಯಿತು. ಒಳಗೆ ಹೋಗಿ ಮ್ಯಾನೇಜರನ್ನ ಕರೆದುಕೊಂಡು ಬಂದಳು. ಆ ಯಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಓಡೋಡಿ ಬಂದು, ಮಾವನನ್ನ ಫ್ರಿಜ್ಜು, ಸ್ಟೋರು, ಉಪಯೋಗಿಸಿದ ಸೂಜಿ ಹಾಕೋ ಹಳದಿ ಡಬ್ಬ, ಎಲ್ಲಾ ಕಡೆ ಸುತ್ತಿಸಿದರು. ಎಲ್ಲಾ ಸರಿಯಾಗೇ ಇತ್ತು. ಅದು ಮಾವನಿಗೆ ಸ್ವಲ್ಪ ಬೇಜಾರಾಯಿತು ಅಂತ ನನಗನ್ನಿಸಿತು.

ರಿಜಿಸ್ಟರಿನ ಕೊನೆ ಪುಟ ತಿರುಗಿಸಿ, ಕನ್ನಡದಲ್ಲಿ, "ಸ್ಥಳ ಪರಿಶೀಲಿಸಿದೆ. ತೃಪ್ತಿಕರ" ಅಂತ ಬರೆದು, ದಿನಾಂಕ ಹಾಕಿ ಸಹಿ ಮಾಡಿದರು.

ಒಂದು ವಾರ ಆದಮೇಲೆ ನನಗೆ ಕ್ಲಿನಿಕ್ಕಿನಿಂದ ಫೋನ್ ಬಂತು. ಲಸಿಕೆ ಹಾಕಿಸಿಕೊಂಡವರಿಗೆ ಕೈನೋವು ಇದೆಯಾ ಅಂತ ವಿಚಾರಿಸುತ್ತಾರೆ ಅಂದುಕೊಂಡೆ. ಮ್ಯಾನೇಜರ್ ಮಾತಾಡಿದರು. "ಅವರು ಬರೆದದ್ದು ಏನು ಅಂತ ನಮಗೆ ಓದೋಕಾಗ್ತಿಲ್ಲ. ನಾವು ಪಾಸಾ?"

೩. ಯಾವ ವಾರ್ಡು

ಇನ್ನು ಮಲೇರಿಯಾ ಮಾತ್ರೆ. ನಮಗೆ ಕೊಟ್ಟಿದ್ದನ್ನ ದಿನಕ್ಕೊಂದರಂತೆ ಹೊರಡೋ ಹಿಂದಿನ ದಿನದಿಂದ ಶುರು ಮಾಡಿ, ಅಲ್ಲಿರೋ ಅಷ್ಟು ದಿನವೂ ತಗೊಂಡು, ವಾಪಸ್ ಬಂದಮೇಲೆ ಇನ್ನೂ ಏಳು ದಿನ ತಗೋಬೇಕು. ನಾನು ಅದನ್ನ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನ ಗಂಡ ಅದನ್ನ ಓದಿ ನಕ್ಕ.

"ಇದು ಇಲ್ಲಿನೋರಿಗೆ ಕಣೇ. ನಾನು ಮೈಸೂರಲ್ಲಿ ಹುಟ್ಟಿ ಬೆಳೆದೋನು. ಚಿಕ್ಕಂದಿನಿಂದ ಸೊಳ್ಳೆ ಕಡಿಸ್ಕೊಂಡು ಕಡಿಸ್ಕೊಂಡು ನನ್ನ ರಕ್ತದಲ್ಲೇ ಇಮ್ಯುನಿಟಿ ಇದೆ."

ಹಾಗೇನೂ ಇರೋದಿಲ್ಲ, ಇದ್ದರೂ ವರ್ಷಗಟ್ಟಲೆ ಹೊರಗಿದ್ದರೆ ಉಳಿಯೋದಿಲ್ಲ ಅಂತ ನಾನು ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಸೋಫಾದ ಮೇಲಿದ್ದ ಮಾವ ಕನ್ನಡಕ ತೆಗೆದು ಕೆಳಗಿಟ್ಟರು.

"ಸೊಳ್ಳೆ ಕಡಿಸ್ಕೊಂಡು ಬೆಳೆದ್ಯಾ? ಎಲ್ಲಿ?"

"ಮೈಸೂರಲ್ಲೇ ಅಪ್ಪ."

"ಯಾವ ವಾರ್ಡು?"

"ನಮ್ಮನೇಲೇ."

"ಅದು ನನ್ನ ವಾರ್ಡು" ಅಂದರು ಮಾವ. ಧ್ವನಿ ಏರಿಸಲಿಲ್ಲ. "ಎಷ್ಟನೇ ಇಸವಿ? ಹೇಳು. ನನ್ನ ಸರ್ವಿಸಿನಲ್ಲಿ ಯಾರೂ ಹಾಗೆ ಕಂಪ್ಲೇಂಟ್ ಕೊಟ್ಟಿಲ್ಲ."

ನನ್ನ ಗಂಡ ಸುಮ್ಮನೆ ಒಂದು ಲೋಟ ನೀರು ತಗೊಂಡು ಮಾತ್ರೆ ನುಂಗಿದ. ಅವತ್ತಿಂದ ದಿನಾ ತಿಂಡಿ ಆದಮೇಲೆ ಮಾವನ ಎದುರು ಎಲ್ಲರೂ ಮಾತ್ರೆ ನುಂಗಿ, ಬಾಯಿ ತೆಗೆದು, ನಾಲಿಗೆ ಎತ್ತಿ ತೋರಿಸಬೇಕಾಯಿತು. ಮೂರನೇ ದಿನ ಮಗಳು ಬಾಯಿ ಮುಚ್ಚಿ, "ತಾತಾ, ದಿಸ್ ಈಸ್ ಪ್ರಿಸನ್, ಲೈಕ್" ಅಂದಳು. ಮಾವ ಅದರ ಅರ್ಥ ನನ್ನಿಂದ ಕೇಳಿ ತಿಳಿದುಕೊಂಡು, "ಜೈಲಿನಲ್ಲಿ ಹಾಗೇ ಮಾಡೋದು, ಅಲ್ಲಿ ಯಾರಿಗೂ ಮಲೇರಿಯಾ ಬರಲ್ಲ" ಅಂದರು.

೪. ಜೀಪಿನ ಕೆಳಗೆ

ಮಸಾಯಿ ಮಾರಾದಲ್ಲಿ ನಮ್ಮ ಗೈಡು ನಲವತ್ತರ ಆಸುಪಾಸಿನವನು, ಶಾಂತ ಮನುಷ್ಯ. ಮೊದಲ ದಿನವೇ ನಿಯಮ ಹೇಳಿದ. ಜೀಪಿನಿಂದ ಕೈ ಹೊರಗೆ ಹಾಕಬಾರದು, ಎದ್ದು ನಿಲ್ಲಬಾರದು, ಸದ್ದು ಮಾಡಬಾರದು, ಬಾಟಲಿ ನೀರು ಬಿಟ್ಟು ಬೇರೆ ಕುಡಿಯಬಾರದು. ಮಾವ ಪ್ರತಿ ಬಾಟಲಿಯನ್ನೂ ತಲೆಕೆಳಗು ಮಾಡಿ ಹಿಂಡಿ, ಸೀಲು ಸರಿ ಇದೆಯಾ ನೋಡಿ ನಮಗೆ ಕೊಡುತ್ತಿದ್ದರು. ಗೈಡಿಗೆ ಅದು ಇಷ್ಟವಾಯಿತು. ಜೋಪಾನದ ಮನುಷ್ಯ ಅಂದುಕೊಂಡ.

ಎರಡನೇ ದಿನ ಬೆಳಗ್ಗೆ ಒಂದು ಹೆಣ್ಣುಸಿಂಹ ಹುಲ್ಲಿನಿಂದ ಎದ್ದು, ನಿಧಾನಕ್ಕೆ ನಡೆದು ಬಂದು, ನಮ್ಮ ಜೀಪಿನ ಕೆಳಗೆ, ನೆರಳಿನಲ್ಲಿ ಮಲಗಿಬಿಟ್ಟಿತು. ಅದರ ಉಸಿರಾಟ ಕೇಳುತ್ತಿತ್ತು. ನಾನು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಗಂಡ ಫೋನು ಹಿಡಿದಿದ್ದ, ಆಮೇಲೆ ನೋಡಿದರೆ ವೀಡಿಯೋದಲ್ಲಿ ಬರೀ ಆಕಾಶ ಬಂದಿತ್ತು.

ಮಾವ ಎದ್ದು ನಿಂತರು.

"ಸರ್, ಸಿಟ್" ಅಂದ ಗೈಡು, ತುಟಿ ಅಲ್ಲಾಡಿಸದೆ.

ಮಾವ ಬೈನಾಕ್ಯುಲರ್ ಹಿಡಿದು ಸಿಂಹದ ಆಚೆ ನೋಡುತ್ತಿದ್ದರು. ಹಿಂದಿನ ದಿನ ಮಳೆ ಬಿದ್ದು, ಕಾಡೆಮ್ಮೆಗಳು ನಡೆದ ಜಾಗದಲ್ಲಿ ಗೊರಸಿನ ಗುಳಿಗಳಲ್ಲಿ ನೀರು ನಿಂತಿತ್ತು. "ನೋಡಮ್ಮ, ಪುಸ್ತಕದಲ್ಲಿ ಓದಿದ್ದೆ" ಅಂತ ನನಗೆ ಪಿಸುಗುಟ್ಟಿದರು. "ಇಲ್ಲಿನ ಅನಾಫಿಲಿಸ್ ಮೊಟ್ಟೆ ಇಡೋದು ಇಂಥ ಗೊರಸಿನ ಗುಳೀಲೇ. ಸ್ವಲ್ಪ ಹತ್ರ ಹೋಗಬೋದಾ ಕೇಳು."

ನಾನು ಅವರ ಶರಟು ಹಿಡಿದು ಎಳೆದು ಕೂರಿಸಿದೆ. ಸಿಂಹ ಒಂದು ಸಲ ತಲೆ ಎತ್ತಿ ನೋಡಿ, ಬೇಜಾರಾದ ಹಾಗೆ ಎದ್ದು ಹೋಯಿತು. ಗೈಡು ಬೆವರು ಒರೆಸಿಕೊಂಡು, ಯಾಕೆ ಎದ್ದಿರಿ ಅಂತ ಮರ್ಯಾದೆಯಿಂದಲೇ ಕೇಳಿದ. ಮಾವ ನನ್ನ ಕೈಲಿ ಹೇಳಿಸಿದರು. "ಸಿಂಹ ವರ್ಷಕ್ಕೆ ಎಷ್ಟು ಜನರನ್ನ ಕೊಲ್ಲುತ್ತೆ, ಸೊಳ್ಳೆ ಎಷ್ಟು ಜನರನ್ನ ಕೊಲ್ಲುತ್ತೆ? ನಾನು ಯಾವುದನ್ನ ನೋಡಬೇಕು, ಅವನೇ ಹೇಳಲಿ."

ಗೈಡು ಜೀಪು ಸ್ಟಾರ್ಟ್ ಮಾಡಿದ. "ಅವರು ಹೇಳೋದು ಸರಿ. ಆದ್ರೆ ಸೊಳ್ಳೆ ಆಗ ಜೀಪಿನ ಕೆಳಗೆ ಮಲಗಿರಲಿಲ್ಲ" ಅಂದ.

೫. ಸೂಜಿ ದಾರ

ನಾವಿದ್ದದ್ದು ಬಟ್ಟೆಯ ಡೇರೆಗಳಲ್ಲಿ. ಹೊತ್ತು ಮುಳುಗೋದಕ್ಕೆ ಮುಂಚೆ ಎಲ್ಲರೂ ಉದ್ದ ತೋಳಿನ ಅಂಗಿ ಹಾಕಿಕೊಂಡು, ಸೊಳ್ಳೆ ಬರದಂತೆ ಮುಲಾಮು ಹಚ್ಚಿಕೊಂಡಿರಬೇಕು ಅಂತ ಮಾವನ ಆಜ್ಞೆ. ಹಾಸಿಗೆಗಳಿಗೆ ಪರದೆ ಇತ್ತು. ಪರದೆಯಲ್ಲಿ ತೂತಿಲ್ಲ ಅಂತ ಅಲ್ಲಿನ ಕೆಲಸದವರು ಹೇಳಿದ್ದರು. ಹಾಗೆ ಹೇಳಿದ್ದೇ ತಪ್ಪಾಯಿತು. ಮಾವ ಪರದೆಯನ್ನ ಬಿಚ್ಚಿಸಿ, ಡೇರೆಯ ಮುಂದೆ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಹಿಡಿದು ಅಂಗುಲ ಅಂಗುಲ ನೋಡಿ ಎರಡು ತೂತು ಹುಡುಕಿದರು. ಚೀಲದಿಂದ ಸೂಜಿ ದಾರ ತೆಗೆದು ಹೊಲಿಯೋಕೆ ಕೂತರು.

ಖಾಕಿ ಪ್ಯಾಂಟು, ಖಾಕಿ ಅಂಗಿ, ಮುಖಕ್ಕೆ ಮಾಸ್ಕು, ಕೈಲಿ ಸೂಜಿ. ಎದುರು ಡೇರೆಯಲ್ಲಿ ಐರ್ಲೆಂಡಿನದೇ ಕಾರ್ಕ್ ಊರಿನ ಕಡೆಯ ಒಬ್ಬ ಹೆಂಗಸು ಇದ್ದರು. ಅವರು ಬಂದು ನೋಡಿ ನಿಂತು, ಒಳಗೆ ಹೋಗಿ ತಮ್ಮ ಪರದೆಯನ್ನೂ ತಂದುಕೊಟ್ಟರು. ಮಾವ ಅದರಲ್ಲಿ ಮೂರು ತೂತು ಕಂಡುಹಿಡಿದರು. ಅವರ ಅನುಮಾನ ನಿಜವಾಯಿತಲ್ಲ, ಖುಷಿಯಾದರು, ಅದನ್ನೂ ಹೊಲಿದರು.

ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಮಾವನ ತೊಡೆ ಮೇಲೆ ಒಂದು ಹೆಂಗಸರ ಪ್ಯಾಂಟು.

"ಇದು ಯಾರದು ಮಾವ?"

"ಎದುರು ಡೇರೆಯವರದು. ಕಾಲು ಉದ್ದ ಆಯ್ತಂತೆ. ನಾಳೆ ಬೆಳಗ್ಗೆಗೆ ಬೇಕಂತೆ" ಅಂದರು. ಆಮೇಲೆ ಪ್ಯಾಂಟನ್ನ ಎತ್ತಿ ಹಿಡಿದು ನೋಡುತ್ತಾ, "ನಾನು ಇದಕ್ಕೆ ಯಾಕೆ ಒಪ್ಕೊಂಡೆ ಅಂತ ನನಗೇ ಅನುಮಾನ ಬರ್ತಿದೆ" ಅಂದರು.

೬. ಮೀಟಿಂಗಿನಲ್ಲಿ ನಡುಕ

ವಾಪಸ್ ಬಂದು ಒಂಬತ್ತು ದಿನ ಆಗಿತ್ತು. ಎಲ್ಲರೂ ಆರಾಮಾಗಿದ್ದೆವು, ಅಥವಾ ನಾನು ಹಾಗಂದುಕೊಂಡಿದ್ದೆ. ಗಂಡ ಎರಡು ದಿನದಿಂದ ಚಿಕ್ಕ ರೂಮಿನಿಂದ ಹೆಚ್ಚು ಹೊರಗೆ ಬರುತ್ತಿರಲಿಲ್ಲ. ತುಂಬಾ ಕಾಲ್ ಇದೆ ಅನ್ನುತ್ತಿದ್ದ. ನನಗೆ ಮೂರು ದಿನ ಲಾಂಗ್ ಡ್ಯೂಟಿ ಇತ್ತು, ಹೆಚ್ಚು ಗಮನ ಕೊಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ವಾರ್ಡಿನಲ್ಲಿದ್ದಾಗ ಮಾವನ ಫೋನು. ಡ್ಯೂಟಿಯಲ್ಲಿ ಅವರು ಫೋನ್ ಮಾಡೋರಲ್ಲ.

"ನಿನ್ನ ಗಂಡ ಮೀಟಿಂಗಲ್ಲಿ ನಡುಗ್ತಿದ್ದಾನೆ ಕಣಮ್ಮ" ಅಂದರು.

"ಏನಾಯ್ತು ಮಾವ?"

"ಬಾಗಿಲಿಗೆ ಕಿವಿ ಕೊಟ್ಟು ಕೇಳ್ದೆ. ಮ್ಯಾನೇಜರ್ ಜೊತೆ ಮಾತಾಡ್ತಾ ಹಲ್ಲು ಕಟಕಟ ಅಂತಿದೆ."

"ಅಪ್ರೈಸಲ್ ಇರ್ಬೋದು ಮಾವ."

"ಎರಡು ದುಪ್ಪಟಿ ಒಳಗೆ ತಗೊಂಡ್ಹೋಗಿದ್ದಾನೆ. ಅಪ್ರೈಸಲ್‌ಗೆ ದುಪ್ಪಟಿ ಬೇಕಾ?"

ನಾನು ಸಹೋದ್ಯೋಗಿಗೆ ಹೇಳಿ ಮನೆಗೆ ಬಂದೆ. ಗಂಡ ಕಂಪ್ಯೂಟರ್ ಮುಂದೆ ದುಪ್ಪಟಿ ಹೊದ್ದು ಕೂತಿದ್ದ, ಮೈ ಸುಡುತ್ತಿತ್ತು. ಕೊರೋನಾ ಕಿಟ್ಟಿನಲ್ಲಿ ಎರಡು ಸಲ ನೋಡಿದ್ದನಂತೆ, ಎರಡೂ ನೆಗೆಟಿವ್. ಆಫೀಸಿನವರು ಕೊರೋನಾನೇ ಅಂದರಂತೆ. ಪಕ್ಕದ ಮನೆ ಅಜ್ಜಿಯೂ ಅದೇ ಅಂದುಕೊಂಡು ಗೇಟಿನ ಹತ್ತಿರ ಸೂಪು ಇಟ್ಟು ಹೋಗಿದ್ದರು. ಮಾವ ಮಾತ್ರ ಬಾಗಿಲಲ್ಲಿ ನಿಂತು, ಜ್ವರ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಅಂತ ಕೇಳಿ ಬರೆದುಕೊಂಡರು.

"ಇದು ಕೊರೋನಾ ಅಲ್ಲ" ಅಂದರು. "ಇದು ನಮ್ಮ ಡಿಪಾರ್ಟ್‌ಮೆಂಟಿಂದು."

ನನಗೂ ಅದೇ ಭಯ ಆಗಿತ್ತು. ಮಾತ್ರೆ ಪೂರ್ತಿ ತಗೊಂಡ್ಯಾ ಅಂತ ಕೇಳಿದೆ. ತಗೊಂಡೆ ಅಂದ. ಮಾವ ಹೋಗಿ ಅವನ ಲ್ಯಾಪ್‌ಟಾಪ್ ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ತಂದರು. ಏಳು ಮಾತ್ರೆ ಹಾಗೇ ಇತ್ತು. ನಾವು ವಾಪಸ್ ಬಂದ ದಿನದಿಂದಲೇ ಮಾವ ಪ್ರಯಾಣದ ಸುಸ್ತಿಗೆ ಬೆಳಗ್ಗೆ ತಡವಾಗಿ ಏಳೋಕೆ ಶುರು ಮಾಡಿದ್ದರು, ಬಾಯಿ ತೆಗೆಸೋರು ಯಾರೂ ಇರಲಿಲ್ಲ.

"ಆಫ್ರಿಕಾದಲ್ಲಿ ಎಲ್ಲಾ ತಗೊಂಡೆ ಅಪ್ಪ" ಅಂದ ಗಂಡ, ನಡುಗುತ್ತಾ. "ಡಬ್ಲಿನ್‌ನಲ್ಲಿ ಎಲ್ಲಿದೆ ಸೊಳ್ಳೆ?"

"ಸೊಳ್ಳೆ ಅಲ್ಲೇ ಉಳೀತು ಕಣೋ. ಅದು ಬಿಟ್ಟ ಕ್ರಿಮಿ ನಿನ್ನ ಲಿವರಲ್ಲಿ ಕೂತು, ನಿನ್ನ ಜೊತೆಗೇ ವಿಮಾನ ಇಳೀತು" ಅಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಕಾರು ತೆಗಿ" ಅಂದರು.

೭. ಪಾಸಿಟಿವ್

ಆಸ್ಪತ್ರೆಯಲ್ಲಿ ಆಗ ಜ್ವರ ಅಂದರೆ ಬೇರೆಯೇ ಬಾಗಿಲು. ರೋಗಿಯ ಜೊತೆ ಯಾರನ್ನೂ ಬಿಡುತ್ತಿರಲಿಲ್ಲ. ಮೈತುಂಬ ಗೌನು ಹಾಕಿಕೊಂಡಿದ್ದ ಜೂನಿಯರ್ ಡಾಕ್ಟರಿಗೆ ನಾನು ಬಾಗಿಲಲ್ಲೇ ನಿಂತು ಎರಡು ಸಲ ಹೇಳಿದೆ. ಎರಡು ವಾರದ ಹಿಂದೆ ಕೀನ್ಯಾದಲ್ಲಿದ್ದ, ಮಾತ್ರೆ ಅರ್ಧಕ್ಕೆ ಬಿಟ್ಟಿದ್ದಾನೆ, ಮಲೇರಿಯಾಗೆ ರಕ್ತ ಈಗಲೇ ನೋಡಿ. ಅವನು ಬರೆದುಕೊಂಡು ಒಳಗೆ ಹೋದ. ನಾನು ಬಂದು ಕಾರಿನಲ್ಲಿ ಮಾವನ ಪಕ್ಕ ಕೂತೆ. ಕೊರೋನಾ ಅಲ್ಲ ಅಂತ ಹೇಳಿ ಮಗಳನ್ನ ಪಕ್ಕದ ಮನೆ ಅಜ್ಜಿ ಹತ್ತಿರ ಬಿಟ್ಟಿದ್ದೆವು.

ಮಳೆ ಹನಿಯುತ್ತಿತ್ತು. ಮಾವ ಕಿಟಕಿ ಗಾಜಿನ ಮಂಜನ್ನ ಕೈಯಿಂದ ಒರೆಸಿದರು. ಆಮೇಲೆ ಹೇಳಿದರು.

"ಸರ್ವಿಸಿಗೆ ಸೇರಿದ ಹೊಸದರಲ್ಲಿ ನನ್ನನ್ನ ಹೆಗ್ಗಡದೇವನಕೋಟೆ ಕಡೆ ಹಾಕಿದ್ರು. ಕಾಡಂಚಿನ ಹಾಡಿ, ಬುಡಕಟ್ಟಿನೋರ ಗುಡಿಸಲು. ಒಂದು ಹುಡುಗಿ, ಹೊಸದಾಗಿ ಮದುವೆ ಆಗಿತ್ತು. ಜ್ವರ ಇದ್ಯಾ ಅಂತ ಕೇಳಿದ್ರೆ ಏನೂ ಇಲ್ಲ ಸಾರ್ ಅಂದ್ಲು. ನಾಚಿಕೆ. ಮನೆಯೋರೂ ಅದನ್ನೇ ಅಂದ್ರು. ನಾನು ನಂಬಿ ಮುಂದಿನ ಮನೆಗೆ ಹೋದೆ. ಮುಂದಿನ ವಾರ ಹೋಗಿ ರಕ್ತ ತಗೊಂಡೆ, ಸ್ಲೈಡ್ ಲ್ಯಾಬಿಗೆ ಕಳಿಸ್ದೆ. ರಿಪೋರ್ಟ್ ಹಿಡ್ಕೊಂಡು ಹೋಗೋ ಹೊತ್ತಿಗೆ ಮನೆ ಮುಂದೆ ಜನ ಸೇರಿದ್ರು."

ಮಾವ ಆಸ್ಪತ್ರೆಯ ಬಾಗಿಲ ಕಡೆ ನೋಡಿದರು.

"ನನ್ನನ್ನ ಅನುಮಾನದ ಪಿಶಾಚಿ ಅಂತಾರೆ ನಿಮ್ಮತ್ತೆ. ಅನ್ನಲಿ" ಅಂದರು.

ನನ್ನ ಮದುವೆಯಾಗಿ ಹನ್ನೆರಡು ವರ್ಷ ಆಗಿತ್ತು, ಈ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ನಾನು ಅವರ ಕೈ ಮೇಲೆ ಕೈ ಇಟ್ಟೆ. ಅವರು ನನ್ನ ಕೈಗೆ ಸ್ಯಾನಿಟೈಸರ್ ಹಾಕಿದರು.

ಒಂದೂವರೆ ಗಂಟೆ ಆದಮೇಲೆ ಡಾಕ್ಟರ್ ಫೋನ್ ಮಾಡಿದ. ಮಲೇರಿಯಾನೇ. ಬೇಗ ಬಂದಿದ್ದೀರಿ, ರಕ್ತದಲ್ಲಿ ಇನ್ನೂ ಕಡಿಮೆ ಇದೆ, ಔಷಧಿ ಶುರು ಮಾಡಿದ್ದೀವಿ, ಎರಡು ದಿನ ಇಟ್ಟುಕೊಳ್ಳುತ್ತೀವಿ ಅಂದ. ನನಗೆ ಅಳು ಬಂತು. ಮಾವ ಕನ್ನಡಕ ಒರೆಸಿಕೊಂಡು, ಮೈಸೂರಿಗೆ ವೀಡಿಯೋ ಕಾಲ್ ಮಾಡಿದರು.

"ಮಗ ಪಾಸಿಟಿವ್" ಅಂದರು.

ಅತ್ತೆ ಫೋನು ಹಿಡಿದಲ್ಲೇ ಕುಸಿದು ಕೂತರು. ಹಿಂದೆ ಯಾರೋ "ಆಕ್ಸಿಜನ್ ಎಷ್ಟಿದೆ ಕೇಳಿ" ಅನ್ನೋದು ಕೇಳಿಸಿತು. ಎರಡು ವರ್ಷದಲ್ಲಿ ನಮ್ಮ ಜನ ಕಲಿತ ಮೊದಲ ಪ್ರಶ್ನೆ ಅದು.

"ಕೊರೋನಾ ಅಲ್ಲ ಕಣೇ. ಮಲೇರಿಯಾ" ಅಂದರು ಮಾವ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಅಷ್ಟೇನಾ? ಮೊದ್ಲೇ ಹೇಳಬಾರ್ದಾ? ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಫೋನ್ ಇಟ್ಟುಬಿಟ್ಟರು.

೮. ಐವತ್ತು ಮನೆ

ಗಂಡ ಮನೆಗೆ ಬಂದ. ಬಡಕಲಾಗಿದ್ದ, ಹೇಳಿದ ಮಾತು ಕೇಳುತ್ತಿದ್ದ, ಕರೆಯದೆ ತಾನಾಗೇ ಬಾಯಿ ತೆಗೆದು ತೋರಿಸುತ್ತಿದ್ದ.

ಇಲ್ಲಿ ಮಲೇರಿಯಾ ಬಂದರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಒಬ್ಬ ಹೆಂಗಸು ಫೋನ್ ಮಾಡಿ, ಎಲ್ಲಿಗೆ ಹೋಗಿದ್ದಿರಿ, ಯಾವಾಗ ಬಂದಿರಿ ಅಂತ ಕೇಳಿದರು. ನಾನು ಉತ್ತರ ಕೊಟ್ಟೆ. ಮಾವ ಪಕ್ಕದಲ್ಲೇ ಕೂತಿದ್ದರು.

"ಸುತ್ತ ಐವತ್ತು ಮನೆ ಸರ್ವೆ ಯಾವತ್ತು ಮಾಡ್ತಾರೆ ಕೇಳು" ಅಂದರು. ಮೈಸೂರಿನಲ್ಲಿ ಅವರ ಪದ್ಧತಿ ಅದು. ಒಂದು ಮನೆಯಲ್ಲಿ ಮಲೇರಿಯಾ ಬಂದರೆ ಸುತ್ತಲಿನ ಐವತ್ತು ಮನೆಗೆ ಹೋಗಿ ಜ್ವರ ಇದೆಯಾ, ನೀರು ನಿಂತಿದೆಯಾ ಅಂತ ನೋಡೋದು.

ನಾನು ಕೇಳಿದೆ. ಆ ಹೆಂಗಸು ವಿನಯವಾಗಿ, ಈ ದೇಶದಲ್ಲಿ ಅದರ ಅಗತ್ಯ ಇಲ್ಲ ಅಂದರು. ಮಾವ ನನ್ನ ಮುಖ ನೋಡಿದರು. ಮುಚ್ಚಳ ತೆಗೆಯದೆ ಏನೂ ಇಲ್ಲ ಅನ್ನೋರನ್ನ ನೋಡುವಾಗ ಅವರು ಹೇಗೆ ನೋಡುತ್ತಿದ್ದರೋ ಹಾಗೆ.

ಅಲ್ಲಿಂದ ಒಂದು ವಾರ ಮಾವ ದಿನಾ ಹತ್ತು ಗಂಟೆಗೆ ವಾಕಿಂಗ್ ಅಂತ ಹೋಗಿ ಒಂದು ಗಂಟೆಗೆ ಬರುತ್ತಿದ್ದರು. ಮೊಣಕಾಲು ನೋವಿನ ಮನುಷ್ಯ ಮಳೆಯಲ್ಲಿ ಮೂರು ಗಂಟೆ ಎಲ್ಲಿ ಓಡಾಡುತ್ತಾರೆ ಅಂತ ನನಗೆ ಅನುಮಾನ ಬಂತು. ಎಲ್ಲಿ ಹೋಗಿದ್ರಿ ಮಾವ ಅಂದರೆ, ಜನ ಒಳ್ಳೆಯವರು, ಎಲ್ಲರೂ ಟೀ ಕೊಡ್ತಾರೆ ಅನ್ನುತ್ತಿದ್ದರು.

ಶನಿವಾರ ಬೆಳಗ್ಗೆ ಬೆಲ್ ಆಯಿತು. ನಾನು ಅಡುಗೆಮನೆಯಲ್ಲಿದ್ದೆ, ಮಾವ ಬಾಗಿಲು ತೆಗೆದರು. ಹೆಗಲಿಗೆ ಫಾರಂ ತುಂಬಿದ ಚೀಲ ಹಾಕಿಕೊಂಡ ಒಬ್ಬ ಯುವತಿ ಮಳೆಯಲ್ಲಿ ನಿಂತಿದ್ದಳು. ಆ ವಸಂತದಲ್ಲಿ ಐರ್ಲೆಂಡಿನಲ್ಲಿ ಜನಗಣತಿ ಇತ್ತು. ಮನೆಮನೆಗೆ ಫಾರಂ ಕೊಟ್ಟು, ಎಷ್ಟು ಜನ ಇದ್ದೀರಿ ಅಂತ ಬರೆದುಕೊಳ್ಳೋಳು ಅವಳು.

ನಾನು ಬಾಗಿಲಿಗೆ ಬರೋ ಹೊತ್ತಿಗೆ ಅವಳು ಬೇಜಾರಿನಲ್ಲಿ ಹೇಳುತ್ತಿದ್ದಳು. "ಈ ರಸ್ತೇಲಿ ಏನೋ ವಿಚಿತ್ರ ಆಗಿದೆ. ಯಾವ ಮನೆಗೆ ಹೋದ್ರೂ, ನಾವಾಗಲೇ ಎಲ್ಲಾ ಹೇಳಿದ್ದೀವಿ ಅಂತಾರೆ. ಒಬ್ಬ ವಯಸ್ಸಾದ ಇಂಡಿಯನ್ ಜಂಟಲ್‌ಮನ್ ನೋಟ್‌ಬುಕ್ ಹಿಡ್ಕೊಂಡು ಬಂದು, ಮನೇಲಿ ಎಷ್ಟು ಜನ, ಹೆಸರೇನು, ವಯಸ್ಸೆಷ್ಟು, ಜ್ವರ ಇದ್ಯಾ, ಹಿತ್ತಲಲ್ಲಿ ನೀರು ನಿಂತಿದ್ಯಾ ಅಂತ ಕೇಳಿ ಬರ್ಕೊಂಡ್ಹೋದ್ರಂತೆ. ಜನ ಅವರೇ ಜನಗಣತಿಯೋರು ಅಂದ್ಕೊಂಡಿದ್ದಾರೆ. ಹಿತ್ತಲಿನ ನೀರಿನ ಪ್ರಶ್ನೆ ಈ ಸಲ ಹೊಸದಾ ಅಂತ ಒಬ್ಬರು ಕೇಳಿದ್ರು."

ನಾನು ಮಾವನ ಮುಖ ನೋಡಿದೆ. ಇಂಗ್ಲಿಷು ಮಾವನಿಗೆ ಎಷ್ಟು ಅರ್ಥ ಆಯಿತೋ ಗೊತ್ತಿಲ್ಲ. ಮುಖದಲ್ಲಿ ಏನೂ ತೋರಿಸಲಿಲ್ಲ. ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಯುವತಿ ಉಸಿರು ಬಿಟ್ಟು ಪೆನ್ನು ತೆಗೆದಳು. "ಸರಿ, ಈ ಮನೇದಾದ್ರೂ ನಾನೇ ಬರ್ಕೋತೀನಿ. ನೀವು ಎಷ್ಟು ಜನ ಇದ್ದೀರಿ, ಸರ್?"

ಮಾವ ಬಾಗಿಲನ್ನ ಅರ್ಧ ಮುಚ್ಚಿದರು. ಆ ಸಂದಿಯಿಂದ ಅವಳನ್ನ ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಬಹಳ ಗಂಭೀರವಾಗಿ ಹೇಳಿದರು.

"ಮೊದ್ಲು ಐಡಿ ಕಾರ್ಡ್ ತೋರ್ಸೋಕೆ ಹೇಳಮ್ಮ. ಯಾರ್ ಯಾರೋ ನೋಟ್‌ಬುಕ್ ಹಿಡ್ಕೊಂಡು ಮನೆಮನೆಗೆ ಬರ್ತಿದ್ದಾರಂತೆ. ಈಗಿನ ಕಾಲದಲ್ಲಿ ಹಾಗೆಲ್ಲ ನಂಬೋಕಾಗಲ್ಲ."